ಕೊರೊನಾ ಕಾಲದ ಪುಸ್ತಕಗಳು ರದ್ದಿಗೆ ಹೋಗುವ ಮುನ್ನ

ನಾಡಿನ ವಿಶ್ವವಿದ್ಯಾಲಯಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಸಂಶೋಧನೆ ಮಾಡುತ್ತಿರುವ ಯುವ ಮಿತ್ರರಿಗೆ,



ನಿಮ್ಮಲ್ಲಿ ಸಮುದಾಯ ವೈದ್ಯಶಾಸ್ತ್ರದ ಪಿ.ಜಿ.ಗಳಿದ್ದೀರಿ, ಸಮಾಜಶಾಸ್ತ್ರದವರಿದ್ದೀರಿ, ಅರ್ಥಶಾಸ್ತ್ರ, ಶಿಕ್ಷಣ, ಪರಿಸರ ವಿಜ್ಞಾನದವರೂ ಇದ್ದೀರಿ. ಪಿಎಚ್.ಡಿ.ಗೆ ವಿಷಯ ಆರಿಸುವಾಗ "ಕೋವಿಡ್ ಹಳೇ ಮಾತಾಯ್ತು, ಬೇರೆ ನೋಡಿ" ಎಂದು ಮಾರ್ಗದರ್ಶಕರು ಹೇಳುತ್ತಾರೆಂದು ನಿಮ್ಮಲ್ಲೇ ಕೆಲವರಿಂದ ಕೇಳಿದೆ. ಆ ಮಾತು ಕೇಳಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೊಪ್ಪಳ ಜಿಲ್ಲೆಯಲ್ಲಿ ಹಿರಿಯ ಆರೋಗ್ಯ ಸಹಾಯಕನಾಗಿ ದುಡಿದು ನಿವೃತ್ತನಾದವನು. ಕೊರೊನಾದ ಮೊದಲ ಎರಡೂ ಅಲೆಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸದಲ್ಲಿದ್ದೆ. ಆ ಕಾಲ ನಮ್ಮ ಊರುಗಳಿಗೆ ಏನು ಮಾಡಿತು ಎಂಬ ಲೆಕ್ಕ ಇನ್ನೂ ಊರುಗಳಲ್ಲೇ ಇದೆ, ಆದರೆ ಬಹಳ ದಿನ ಇರುವುದಿಲ್ಲ. ಬಂದು ಬರೆದುಕೊಳ್ಳಿ. ಬರೆದುಕೊಂಡದ್ದರಿಂದ ಏನು ಗೊತ್ತಾಯಿತೋ ಅದನ್ನು ಹೇಳಿದವರ ಮನೆಗೆ ಮರಳಿ ಮುಟ್ಟಿಸಿ.

ಸಾವಿನ ಲೆಕ್ಕದಿಂದ ಶುರು ಮಾಡುತ್ತೇನೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಆದದ್ದು. ತೀರಿಕೊಂಡವರು ನಮ್ಮದೇ ಭಾಗದ ಕಲಬುರಗಿಯ ವೃದ್ಧರು. ಅಲ್ಲಿಂದ ಶುರುವಾದ ರಾಜ್ಯದ ಎಣಿಕೆ 40 ಸಾವಿರ ದಾಟಿ ನಿಂತಿತು. 2021ರ ಕೊನೆಗೆ ದೇಶದ ಅಧಿಕೃತ ಸಂಖ್ಯೆ ಸುಮಾರು 4.8 ಲಕ್ಷ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಂದಾಜು ಪ್ರಕಟಿಸಿ, ಆ ಎರಡು ವರ್ಷಗಳಲ್ಲಿ ಭಾರತದಲ್ಲಿ ವಾಡಿಕೆಗಿಂತ 47 ಲಕ್ಷ ಹೆಚ್ಚು ಜನ ತೀರಿಕೊಂಡರು ಎಂದಿತು. ಲೆಕ್ಕ ಹಾಕಿದ ವಿಧಾನವನ್ನೇ ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅಧಿಕೃತ ಸಂಖ್ಯೆಗೂ ಆ ಅಂದಾಜಿಗೂ ನಡುವಿನ ಅಂತರ ಹತ್ತು ಪಟ್ಟಿನಷ್ಟು.

2025ರ ಮೇ ತಿಂಗಳಲ್ಲಿ ಸರ್ಕಾರದ್ದೇ ಜನನ-ಮರಣ ನೋಂದಣಿಯ ಅಂಕಿಅಂಶ ಹೊರಬಂತು. ದೇಶದಲ್ಲಿ 2019ರಲ್ಲಿ ನೋಂದಣಿಯಾದ ಸಾವುಗಳು 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷದ ಏರಿಕೆ. ಸಾವನ್ನು ನೋಂದಾಯಿಸುವ ರೂಢಿ ಬೆಳೆದದ್ದರ ಪಾಲೂ ಇದರಲ್ಲಿದೆ. ಆದರೆ ಒಂದು ವರ್ಷದಲ್ಲಿ ರೂಢಿ ಅಷ್ಟು ಬೆಳೆಯುವುದಿಲ್ಲ. 47 ಲಕ್ಷವೇ ಸರಿ ಎಂದು ನಾನು ಹೇಳಲಾರೆ, ಅಂಥ ಗಣಿತ ನನ್ನದಲ್ಲ. 4.8 ಲಕ್ಷ ಸಾಲದು ಎಂದು ಮಾತ್ರ ಖಂಡಿತ ಹೇಳಬಲ್ಲೆ. ಏಕೆ ಎನ್ನುವುದಕ್ಕೆ ಒಂದು ಪುಸ್ತಕ ತೋರಿಸುತ್ತೇನೆ.

ಅದು ನಮ್ಮ ಆಶಾ ಕಾರ್ಯಕರ್ತೆಯೊಬ್ಬರ 200 ಪುಟದ ಲಾಂಗ್ ಬುಕ್. ರಟ್ಟು ಹರಿಯದಿರಲೆಂದು ಹಳೆಯ ಕ್ಯಾಲೆಂಡರ್ ಹಾಳೆ ಹೊದಿಸಿದ್ದಾರೆ. ಒಳಗೆ ಸ್ಕೇಲಿಟ್ಟು ಗೆರೆ ಹೊಡೆದ ಕಾಲಂಗಳು: ಮನೆ ನಂಬರು, ಯಜಮಾನರ ಹೆಸರು, ಒಟ್ಟು ಮಂದಿ, 60 ದಾಟಿದವರು, ಬಸುರಿ-ಬಾಣಂತಿ, ಬಿ.ಪಿ.-ಶುಗರ್, ಎಲ್ಲಿಂದ ಬಂದವರು, ಬಂದ ತಾರೀಕು. 2020ರ ಪುಟಗಳಲ್ಲಿ ಬೆಂಗಳೂರು, ಮಂಗಳೂರು, ಗೋವಾ, ಪುಣೆ ಎಂದು ಊರುಗಳ ಸಾಲು. ಕೈಗೆ ಕ್ವಾರಂಟೈನ್ ಸೀಲು ಹಾಕಿದ ದಿನ, ಹದಿನಾಲ್ಕನೆಯ ದಿನಕ್ಕೆ ಒಂದು ಟಿಕ್. 2021ರ ಮೇ ತಿಂಗಳ ಪುಟಗಳಿಗೆ ಬಂದರೆ ಗೆರೆಯೂ ಇಲ್ಲ, ಕಾಲಮ್ಮೂ ಇಲ್ಲ. ಅಕ್ಷರ ಓಡಿದೆ. "ಆಕ್ಸಿಜನ್ 94, 93, 90. ತಾಲ್ಲೂಕಿಗೆ ಕಳಿಸಿದೆ." "ಜ್ವರ ಆರು ದಿನ. ಟೆಸ್ಟಿಗೆ ಒಲ್ಲೆ ಅಂದ್ರು." "ನಸುಕಿನ್ಯಾಗ ತೀರ್ಕೊಂಡ್ರು. ಟೆಸ್ಟ್ ಆಗಿಲ್ಲ." ಆ ಕೊನೆಯ ಸಾಲಿನಂಥ ಸಾಲು ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ.

ಟೆಸ್ಟ್ ಆಗದ ಸಾವು ರಾಜ್ಯದ ಬುಲೆಟಿನ್‌ಗೆ ಹೋಗಲಿಲ್ಲ. ಮರಣ ನೋಂದಣಿಗೆ ಹೋಯಿತು, ಆದರೆ ಕಾರಣದ ಜಾಗದಲ್ಲಿ "ಜ್ವರ" ಎಂದೋ "ವಯೋಸಹಜ" ಎಂದೋ ಬಿತ್ತು. ನಮ್ಮ ದೇಶದಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸುವುದು ನೋಂದಣಿಯಾದ ಸಾವುಗಳ ಕಾಲು ಭಾಗಕ್ಕೂ ಇಲ್ಲ. 2020ರಲ್ಲಿ ಅದು ಶೇ 22.5ರಷ್ಟಿತ್ತು. ಮಿಕ್ಕವರ ಕೊನೆಯ ದಿನಗಳ ಕಥೆ ಮನೆಯವರ ನೆನಪಿನಲ್ಲಿದೆ, ಇಲ್ಲವೇ ಇಂಥ ಪುಸ್ತಕದಲ್ಲಿದೆ.

ಜನ ಟೆಸ್ಟಿಗೆ ಏಕೆ ಒಲ್ಲೆ ಎಂದರು? ಅಜ್ಞಾನ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪ್ರಬಂಧಗಳನ್ನು ಓದಿದ್ದೇನೆ. ದಯವಿಟ್ಟು ನೀವು ಹಾಗೆ ಬರೆಯಬೇಡಿ. 2020ರ ಮಾರ್ಚ್‌ನಲ್ಲಿ ಹೊರದೇಶದಿಂದ ಬಂದು ಮನೆಯಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಸರ್ಕಾರ ಪ್ರಕಟಿಸಿತು. ಆಮೇಲೆ ದಿನದ ಬುಲೆಟಿನ್‌ನಲ್ಲಿ ಸೋಂಕಿತರ ಪಿ-ನಂಬರು, ವಯಸ್ಸು, ಊರು ಎಲ್ಲ ಬರುತ್ತಿತ್ತು. ಸಣ್ಣ ಊರಿನಲ್ಲಿ ಹೆಸರು ಗೊತ್ತಾಗಲು ಇನ್ನೇನು ಬೇಕು? ಸೋಂಕಿತರ ಮನೆಯ ಬೀದಿಗೆ ಬೊಂಬು ಕಟ್ಟಿ ಸೀಲ್‌ಡೌನ್ ಮಾಡಿದರೆ ಆ ಮನೆಯ ಹಾಲನ್ನು ಡೇರಿಯಲ್ಲಿ ಹಾಕಿಸಿಕೊಳ್ಳುತ್ತಿರಲಿಲ್ಲ. ಕೂಲಿಗೆ ಕರೆಯುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಆಸ್ಪತ್ರೆಗೆ ಹೋದವರ ಮುಖ ಮತ್ತೆ ನೋಡಲು ಸಿಗುವುದಿಲ್ಲ ಎನ್ನುವುದು. ಬೆಂಗಳೂರಿನ ಹೊರವಲಯದ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಸಾಲು ಚಿತೆಗಳನ್ನು ಉರಿಸಿದ್ದನ್ನು ನಮ್ಮ ಊರಿನವರೂ ಮೊಬೈಲಿನಲ್ಲಿ ನೋಡಿದ್ದರು. ಯಾರೂ ಒಯ್ಯದೆ ಉಳಿದ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟರು. ಇಂಥದ್ದನ್ನೆಲ್ಲ ನೋಡಿದ ಮಗ ತನ್ನ ತಾಯಿಯನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದರೆ ಅವನ ಬಳಿ ಅವನದೇ ಕಾರಣವಿತ್ತು.

ಆ ನಿರ್ಧಾರದ ಬೆಲೆಯನ್ನು ಆ ಮನೆಯ ಹೆಣ್ಣುಮಕ್ಕಳು ಇನ್ನೂ ತೆರುತ್ತಿದ್ದಾರೆ. ಸುಪ್ರೀಂ ಕೋರ್ಟಿನ ಆದೇಶದ ನಂತರ ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ 50 ಸಾವಿರ ರೂಪಾಯಿ ಪರಿಹಾರ ಬಂತು. ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಸರ್ಕಾರ 1 ಲಕ್ಷ ಸೇರಿಸಿತು. ಕಾಗದ ಇದ್ದವರಿಗೆ ಸಿಕ್ಕಿತು. ಮನೆಯಲ್ಲೇ, ಟೆಸ್ಟ್ ಇಲ್ಲದೆ ಗಂಡ ತೀರಿಕೊಂಡ ವಿಧವೆಗೆ ಏನೂ ಇಲ್ಲ. ಯಾವ ಓಣಿಯಲ್ಲಿ ಎಷ್ಟು ಮನೆಗಳಿಗೆ ಪರಿಹಾರ ಬಂತು, ಎಷ್ಟು ಮನೆಗಳಲ್ಲಿ ಸಾವಾಗಿತ್ತು: ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡುವ ಅಧ್ಯಯನ ಒಂದು ತಾಲ್ಲೂಕಿಗಾದರೂ ಆಗಬೇಕು. ಮನೆಯವರನ್ನು ಕೂರಿಸಿಕೊಂಡು ಕೊನೆಯ ದಿನಗಳ ಲಕ್ಷಣಗಳನ್ನು ಕೇಳಿ ಸಾವಿನ ಕಾರಣ ತಿಳಿಯುವ ವರ್ಬಲ್ ಅಟಾಪ್ಸಿ ಪದ್ಧತಿ ನಿಮಗೆ ಗೊತ್ತೇ ಇದೆ. ಅದಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು.

ಚಾಮರಾಜನಗರದಲ್ಲಿ 2021ರ ಮೇ ತಿಂಗಳ ಆರಂಭದಲ್ಲಿ ಆಮ್ಲಜನಕದ ಕೊರತೆಯಿಂದ ಆದ ಸಾವುಗಳ ದಾಖಲೆ ಹೊರಬಂದದ್ದು ಹೈಕೋರ್ಟ್ ಸಮಿತಿ ನೇಮಿಸಿದ್ದರಿಂದ. ಪ್ರತಿ ಓಣಿಗೂ ಸಮಿತಿ ನೇಮಕವಾಗುವುದಿಲ್ಲ. ಓಣಿಗೆ ಬರಬೇಕಾದವರು ನೀವು.

ಹಳೆಯದಾಯಿತು ಎನ್ನುವವರಿಗೆ 1918ರ ಇನ್‌ಫ್ಲುಯೆಂಜಾದ ಮಾತು ಹೇಳಿ. ಅದರಲ್ಲಿ ಭಾರತದಲ್ಲಿ 1.7ರಿಂದ 1.8 ಕೋಟಿ ಜನ ಸತ್ತರೆಂದು ಇಯಾನ್ ಮಿಲ್ಸ್ ಲೆಕ್ಕ ಹಾಕಿದ್ದು 1986ರಲ್ಲಿ. ಅಷ್ಟಲ್ಲ, 1.4 ಕೋಟಿಯ ಆಸುಪಾಸು ಎಂದು ಸಿದ್ಧಾರ್ಥ ಚಂದ್ರ ಮತ್ತು ಸಂಗಡಿಗರು ತಿದ್ದಿದ್ದು 2012ರಲ್ಲಿ. ತೊಂಬತ್ತು ವರ್ಷಗಳ ಮೇಲೂ ಆ ಚರ್ಚೆ ಸಾಧ್ಯವಾದದ್ದು ಜನಗಣತಿಯ ಸಂಪುಟಗಳು ಉಳಿದದ್ದರಿಂದ. ನಮ್ಮ ಕಾಲಕ್ಕೆ ಆ ಅನುಕೂಲವೂ ಇರಲಿಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿಯೇ ನಡೆಯಲಿಲ್ಲ.

ಕೊರೊನಾ ಬಂದು ಹೋದವರ ಆರೋಗ್ಯದ ಮಾತಿಗೆ ಬರುತ್ತೇನೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಕೋವಿಡ್‌ನಿಂದ ಚೇತರಿಸಿಕೊಂಡ 207 ಜನರ ಶ್ವಾಸಕೋಶ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಗಾಳಿಯಿಂದ ರಕ್ತಕ್ಕೆ ಆಮ್ಲಜನಕ ದಾಟಿಸುವ ಶಕ್ತಿ ಶೇ 44 ಮಂದಿಯಲ್ಲಿ ಕುಂದಿತ್ತು. ಯುರೋಪ್, ಚೀನಾದ ರೋಗಿಗಳಿಗಿಂತ ನಮ್ಮವರ ಸ್ಥಿತಿ ಕೆಟ್ಟದಾಗಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತಿದವರ ಕಥೆ ಇದು. ಕಬ್ಬು ಕಡಿಯುವವರು, ಹಮಾಲರು, ತೊಗರಿ ರಾಶಿ ಮಾಡುವವರು, ಇಟ್ಟಿಗೆ ಹೊರುವ ಹೆಣ್ಣುಮಕ್ಕಳು ಯಾವ ಪರೀಕ್ಷೆಗೂ ಹೋದವರಲ್ಲ. "ಮೊದಲಿನ ಕಸುವಿಲ್ರೀ ಸರ್, ಅರ್ಧ ದಿನಕ್ಕ ಕೂಡ್ತೀನಿ" ಎನ್ನುತ್ತಾರೆ. ಅರ್ಧ ದಿನಕ್ಕೆ ಕೂತರೆ ಅರ್ಧ ಕೂಲಿ. ಆ ಶ್ವಾಸಕೋಶ ಪರೀಕ್ಷೆಯ ಯಂತ್ರ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಲ್ಲ. ಆದರೆ ಆರು ನಿಮಿಷದ ನಡಿಗೆ ಪರೀಕ್ಷೆಗೆ ಬೇಕಾದದ್ದು ಶಾಲೆಯ ವರಾಂಡ, ಒಂದು ಗಡಿಯಾರ, ಒಂದು ಆಕ್ಸಿಮೀಟರ್. ಆ ಆಕ್ಸಿಮೀಟರ್‌ಗಳು ಇನ್ನೂ ಹಲವು ಆಶಾಗಳ ಚೀಲದಲ್ಲಿವೆ, ಸೆಲ್ ಹಾಕಿದರೆ ಸಾಕು.

ಇನ್ನೊಂದು ಪ್ರಶ್ನೆಯನ್ನು ಜನ ನನ್ನ ಹಾದಿ ತಡೆದು ಕೇಳುತ್ತಾರೆ: ಲಸಿಕೆ ಹಾಕಿಸಿಕೊಂಡದ್ದಕ್ಕೇ ಹುಡುಗರಿಗೆ ಹೃದಯಾಘಾತ ಆಗುತ್ತಿದೆಯೇ? 2025ರ ಮುಂಗಾರಿನ ಆರಂಭದಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಹಠಾತ್ ಸಾವುಗಳ ಸುದ್ದಿ ಬಂದಾಗ ಇಡೀ ರಾಜ್ಯ ಇದನ್ನೇ ಕೇಳಿತು. ಉತ್ತರ ಅದಕ್ಕೆ ಮೊದಲೇ ಇತ್ತು. ಐಸಿಎಂಆರ್ ದೇಶದ 47 ಆಸ್ಪತ್ರೆಗಳನ್ನು ಸೇರಿಸಿ, ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡ 18ರಿಂದ 45 ವಯಸ್ಸಿನವರನ್ನು ಅದೇ ವಯಸ್ಸಿನ ಬದುಕಿರುವವರ ಜೊತೆ ಹೋಲಿಸಿ 2023ರಲ್ಲಿ ಪ್ರಕಟಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸವಿದ್ದವರಲ್ಲಿ, ಸಾವಿಗೆ ಮುಂಚಿನ ಎರಡು ದಿನ ಮಿತಿಮೀರಿ ಕುಡಿದವರಲ್ಲಿ, ಏಕಾಏಕಿ ವಿಪರೀತ ದೇಹದಂಡನೆ ಮಾಡಿದವರಲ್ಲಿ. ಹಾಸನದ ನಂತರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯೂ ಲಸಿಕೆಯ ನಂಟು ಕಾಣಲಿಲ್ಲ ಎಂದಿತು. ನಮ್ಮ ಊರಿನ ಚಹದಂಗಡಿಗೆ ಇವ್ಯಾವೂ ಮುಟ್ಟಲಿಲ್ಲ. ಮುಟ್ಟಿದ್ದು ವಾಟ್ಸ್‌ಆ್ಯಪ್ ಸಂದೇಶಗಳು. ಒಬ್ಬ ಅಜ್ಜಿ ತನ್ನ ಮೊಮ್ಮಗನ ದಡಾರ ಚುಚ್ಚುಮದ್ದಿಗೂ "ಬ್ಯಾಡ" ಎಂದದ್ದನ್ನು ನಾನು ನೋಡಿದ್ದೇನೆ. ಇಂಗ್ಲಿಷ್ ನಿಯತಕಾಲಿಕದಲ್ಲಿ ಪ್ರಕಟವಾದ ಕೂಡಲೇ ಕೆಲಸ ಮುಗಿಯಿತೆಂದು ಸಂಶೋಧಕರು ಭಾವಿಸಿದರೆ ಅದರ ಪೆಟ್ಟು ಇಂಥ ಕೂಸುಗಳ ಮೇಲೆ ಬೀಳುತ್ತದೆ. ಇದು ನನಗೆ ತೀರಾ ನೋವಿನ ವಿಷಯ.

ಶಾಲೆಯ ವಿಷಯದಲ್ಲಿ ಅಧ್ಯಯನಗಳು ಚೆನ್ನಾಗಿ ಆಗಿವೆ, ಅದನ್ನು ಒಪ್ಪಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲೆಯ ಮಕ್ಕಳನ್ನು ನೋಡಿ, ಶೇ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು, ಶೇ 82 ಮಕ್ಕಳು ಗಣಿತದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದಾರೆ ಎಂದಿತು. ಗುಡಿಯ ಕಟ್ಟೆಯ ಮೇಲೆ, ಬೇವಿನ ಮರದ ಕೆಳಗೆ ನಮ್ಮ ಮೇಷ್ಟ್ರುಗಳು ನಡೆಸಿದ ವಿದ್ಯಾಗಮ, ಆಮೇಲಿನ ಕಲಿಕಾ ಚೇತರಿಕೆ ಕಾರ್ಯಕ್ರಮ ನಿಮಗೆ ನೆನಪಿರಬೇಕು. ಮುಂದಿನ ಪ್ರಶ್ನೆ ಯಾರೂ ಕೇಳಿದಂತಿಲ್ಲ: 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಆ ಮಕ್ಕಳು ಈಗ ಹೈಸ್ಕೂಲಿನ ಹತ್ತಿರ ಬಂದಿದ್ದಾರೆ. ಅವರಲ್ಲಿ ಎಷ್ಟು ಜನ ಶಾಲೆಯಲ್ಲಿದ್ದಾರೆ? ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಾರೆ? ವಿದ್ಯಾಗಮದ ಹಾಜರಿ ಪುಸ್ತಕ ಸಿಕ್ಕರೆ ಅದೇ ಮಕ್ಕಳನ್ನು ಹೆಸರು ಹಿಡಿದು ಹುಡುಕಬಹುದು.

ಹೆಂಗಸರ ದುಡಿಮೆಯದೂ ಹೀಗೆಯೇ. 2020ರಲ್ಲಿ ಕೆಲಸ ಕಳೆದುಕೊಂಡು ವರ್ಷದ ಕೊನೆಗೂ ಕೆಲಸಕ್ಕೆ ಮರಳದವರು ಗಂಡಸರಲ್ಲಿ ಶೇ 7, ಹೆಂಗಸರಲ್ಲಿ ಶೇ 47 ಎಂದು ಅದೇ ವಿಶ್ವವಿದ್ಯಾಲಯದ ವರದಿ ಹೇಳಿತು. ಆ ಹೆಂಗಸರು ಈಗೇನು ಮಾಡುತ್ತಿದ್ದಾರೆ ಎಂಬುದು ನಿಮ್ಮಲ್ಲೊಬ್ಬರ ಪ್ರಬಂಧವಾಗಲಿ.

ಪರಿಸರ ವಿಜ್ಞಾನದ ಗೆಳೆಯರಿಗೆ ಸ್ವಲ್ಪ ಹೆಚ್ಚಿಗೆ ಹೇಳುವುದಿದೆ. ಲಾಕ್‌ಡೌನಿನ ತಿಳಿಯಾದ ಆಕಾಶದ ಬಗ್ಗೆ ಬೇಕಾದಷ್ಟು ಬರೆದಾಗಿದೆ. 2020ರ ಏಪ್ರಿಲ್ ಮೊದಲ ವಾರ ಜಗತ್ತಿನ ದಿನದ ಇಂಗಾಲದ ಹೊಗೆ ಶೇ 17ರಷ್ಟು ಇಳಿಯಿತು. ಇಡೀ ವರ್ಷದ ಇಳಿಕೆ ಶೇ 5ರ ಆಸುಪಾಸು. ಮರುವರ್ಷ ಮತ್ತೆ ಏರಿತು. ಕಾಡುಪ್ರಾಣಿಗಳು ಮನುಷ್ಯರಿಲ್ಲದ ದಾರಿಯಲ್ಲಿ ಹೆಚ್ಚು ದೂರ ನಡೆದವು ಎಂಬುದನ್ನೂ 43 ಜಾತಿಯ ಪ್ರಾಣಿಗಳ ಕೊರಳಪಟ್ಟಿಯಿಂದ ಲೆಕ್ಕ ಹಾಕಿದ್ದಾರೆ. ಆದರೆ ನಮ್ಮ ನೆಲದಲ್ಲಿ ಆದ ಒಂದು ದೊಡ್ಡ ಬದಲಾವಣೆಯನ್ನು ಕೊರೊನಾದ ಪರಿಣಾಮವೆಂದು ಲೆಕ್ಕಕ್ಕೇ ಹಿಡಿದಿಲ್ಲ. ಊರಿಗೆ ಮರಳಿದವರು ಗುದ್ದಲಿ ಹಿಡಿದು ಉದ್ಯೋಗ ಖಾತ್ರಿಗೆ ಹೋದರು. 2019-20ರಲ್ಲಿ ದೇಶದಲ್ಲಿ 265 ಕೋಟಿಯಷ್ಟಿದ್ದ ಮಾನವ ದಿನಗಳು 2020-21ರಲ್ಲಿ 389 ಕೋಟಿಗೆ ಏರಿದವು. ರಾಜ್ಯದಲ್ಲಿ ಆ ಮುಂಗಾರಿನ ಮೊದಲು ಬದು ನಿರ್ಮಾಣ ಅಭಿಯಾನ ನಡೆಯಿತು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಹುಡುಗರು ದಿನಕ್ಕೆ 275 ರೂಪಾಯಿ ಕೂಲಿಗೆ ತಮ್ಮ ಊರಿನ ಹೊಲಗಳಲ್ಲಿ ಬದು ಹಾಕಿದರು, ಕೃಷಿಹೊಂಡ ತೋಡಿದರು, ಕೆರೆಯ ಹೂಳು ಹೊತ್ತರು. ಆ ಬದುಗಳು ಇನ್ನೂ ನಿಂತಿವೆಯೇ? ಅವುಗಳ ಕೆಳಗಿನ ಬೋರ್‌ವೆಲ್‌ಗಳಲ್ಲಿ ನೀರು ಏರಿತೇ? ಯಾವ ಹೊಲದಲ್ಲಿ, ಯಾವ ತಾರೀಕಿಗೆ, ಎಷ್ಟು ಉದ್ದದ ಬದು ಎಂಬುದು ಗ್ರಾಮ ಪಂಚಾಯಿತಿಯ ಅಳತೆ ಪುಸ್ತಕದಲ್ಲಿ ಬರೆದಿದೆ. ಪಿಡಿಒ ಅವರನ್ನು ಕೇಳಿ ನೋಡಿ. ಆಕಾಶ ತಿಳಿಯಾದದ್ದು ಕೆಲವೇ ವಾರ. ಈ ಬದುಗಳು ಆರು ಮಳೆಗಾಲ ಕಂಡಿವೆ.

ಕಸದ ಮಾತನ್ನೂ ಮರೆಯಬೇಡಿ. ಎರಡನೇ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ, ದೇಶದಲ್ಲಿ ದಿನಕ್ಕೆ ಸುಮಾರು 200 ಟನ್ ಕೋವಿಡ್ ತ್ಯಾಜ್ಯ ಹುಟ್ಟುತ್ತಿತ್ತು. ಹಳದಿ ಚೀಲಕ್ಕೆ ತುಂಬಿ ಸುಡುವ ಘಟಕಕ್ಕೆ ಕಳಿಸಬೇಕೆಂಬುದು ನಿಯಮ. ಚೀಲವೂ ಬಾರದ, ಗಾಡಿಯೂ ಬಾರದ ದಿನಗಳಲ್ಲಿ ಪಿಪಿಇ ಕಿಟ್ಟು, ಮಾಸ್ಕು, ಸ್ವ್ಯಾಬ್ ಕಡ್ಡಿಗಳನ್ನು ತೋಡಿದ ಗುಂಡಿಯಲ್ಲಿ ಹಾಕಿ ಸುಟ್ಟರು. ಆ ಗುಂಡಿಗಳು ಎಲ್ಲಿದ್ದವು ಎಂದು ತೋರಿಸಬಲ್ಲವರು ಇನ್ನೂ ಇದ್ದಾರೆ. ಆ ಮಣ್ಣನ್ನು ಪರೀಕ್ಷಿಸಿದವರಿಲ್ಲ. ಬೆಂಗಳೂರಿನಲ್ಲಿ 28 ಕೊಳಚೆ ನೀರು ಶುದ್ಧೀಕರಣ ಘಟಕಗಳ ನೀರಿನಿಂದಲೇ ಸೋಂಕಿನ ಏರಿಳಿತವನ್ನು, ವೈರಸ್ಸಿನ ಹೊಸ ರೂಪಗಳನ್ನು ಪತ್ತೆ ಮಾಡಿದರು. ಬಹಳ ಒಳ್ಳೆಯ ಕೆಲಸ. ಚರಂಡಿಯೇ ಇಲ್ಲದ ಊರಿನಲ್ಲಿ ಮುಂದಿನ ರೋಗದ ಸುಳಿವನ್ನು ಎಲ್ಲಿಂದ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಪೀಳಿಗೆಯಿಂದ ಬರಲಿ.

ಈಗ, ಬರುವ ರೀತಿಯ ಬಗ್ಗೆ. ಗೂಗಲ್ ಫಾರ್ಮ್ ಕಳಿಸಿ ಕಾಯಬೇಡಿ. ಅದನ್ನು ತುಂಬುವವರು ನೀವು ಹುಡುಕುತ್ತಿರುವ ಜನ ಅಲ್ಲ. ರಾಜ್ಯದ ಸುಮಾರು 42 ಸಾವಿರ ಆಶಾಗಳಲ್ಲಿ ಬಹುತೇಕರು ಆ ದಿನಗಳಲ್ಲಿ ಮನೆಮನೆ ಸುತ್ತಿದವರು. 2020ರ ಜುಲೈನಲ್ಲಿ 12 ಸಾವಿರ ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಬೇಕಾಗಿ ಬಂದವರೂ ಇವರೇ. ಅವರ ಪುಸ್ತಕ ತೆಗೆದುಕೊಂಡು ಹೋಗಿ ನಿಮ್ಮ ಹೆಸರಿನಲ್ಲಿ ಪ್ರಬಂಧ ಬರೆದು ಕೃತಜ್ಞತೆಯ ಸಾಲಿನಲ್ಲಿ "ಕ್ಷೇತ್ರ ಸಿಬ್ಬಂದಿ" ಎಂದು ಹಾಕಿ ಮುಗಿಸಬೇಡಿ. ಅವರು ಒಪ್ಪಿದರೆ ಹೆಸರು ಹಾಕಿ, ಅವರ ದಿನದ ದುಡಿಮೆಗೆ ಹಣ ಕೊಡಿ. ಪುಸ್ತಕವನ್ನು ಅಲ್ಲೇ ಫೋಟೊ ತೆಗೆದುಕೊಂಡು ಅವರ ಕೈಗೇ ಮರಳಿ ಕೊಡಿ. ರೋಗಿಗಳ ಹೆಸರು, ಮನೆ ನಂಬರು ನಿಮ್ಮ ಕಂಪ್ಯೂಟರಿಗೆ ಹೋಗುವ ಮೊದಲೇ ಅಳಿಸಿ. ವಿಳಾಸ ಬಯಲಾದ ಅವಮಾನವನ್ನು ನಮ್ಮ ಜನ ಒಮ್ಮೆ ಉಂಡಿದ್ದಾರೆ. ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಬೇಡವೆಂದವರ ಮನೆಯಿಂದ ಚಹ ಕುಡಿದು ಎದ್ದು ಬನ್ನಿ.

ವಿಶ್ವವಿದ್ಯಾಲಯಗಳಿಗೂ ನಿಮ್ಮ ಮೂಲಕ ಒಂದು ಬೇಡಿಕೆ. ಪ್ರಬಂಧ ಒಪ್ಪಿಸುವಾಗ ಎಂಟು ಪುಟದ ಕನ್ನಡ ಸಾರಾಂಶ, ಅದನ್ನು ಅಧ್ಯಯನ ನಡೆದ ಊರಿನ ಗ್ರಾಮಸಭೆಯಲ್ಲಿ ಓದಿದ ದಾಖಲೆ, ಇವೆರಡನ್ನೂ ಕಡ್ಡಾಯ ಮಾಡಲಿ. ಗ್ರಾಮಸಭೆಯಲ್ಲಿ ಜನ ಪ್ರಶ್ನೆ ಕೇಳುತ್ತಾರೆ. ನಿಮ್ಮ ಅಂಕಿ ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ: "ಆ ಮನ್ಯಾಗ ಇಬ್ರು ಹೋದ್ರು, ನೀವು ಒಬ್ರ ಅಂತ ಬರದೀರಿ."

ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ತಿಂಗಳಿಗೊಮ್ಮೆ ಆಶಾ ಸಭೆ ಇರುತ್ತದೆ. ವೈದ್ಯಾಧಿಕಾರಿಗಳ ಅನುಮತಿ ಪಡೆದು ಆ ದಿನ ಬಂದರೆ ಸುತ್ತಲಿನ ಊರುಗಳ ಆಶಾಗಳೆಲ್ಲ ಒಂದೇ ಕಡೆ ಸಿಗುತ್ತಾರೆ. ಮುಂಗಾರು ಬಿತ್ತನೆಯ ದಿನಗಳಲ್ಲಿ, ಸುಗ್ಗಿಯಲ್ಲಿ ಮನೆಗಳಿಗೆ ಹೋಗಬೇಡಿ, ಬೀಗ ಹಾಕಿರುತ್ತವೆ. ಬರುವ ದೀಪಾವಳಿಗೆ ಮೊದಲು ಬಂದರೆ ಉತ್ತಮ. ಹಬ್ಬಕ್ಕೆ ಮನೆ ಸಾರಿಸಿ ಸುಣ್ಣ ಹಚ್ಚುವಾಗಲೇ ಹಳೆಯ ಪುಸ್ತಕಗಳು ರದ್ದಿಗೆ ಹೋಗುವುದು.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ
ಕೊಪ್ಪಳ ಜಿಲ್ಲೆ